ಬೇಸಿಗೆ ಗಣಿತ ಶಿಬಿರದಲ್ಲಿ ಒಂದು ದಿನ ನಿಜಕ್ಕೂ ಹೇಗಿರುತ್ತದೆ?

ಮೊದಲ ಸಲ ಹೊರಟವಳು:
ಮೂರು ವಾರದ ಗಣಿತ ಶಿಬಿರಕ್ಕೆ ಆಯ್ಕೆಯಾಗಿದ್ದೇನೆ. ಹಾಸ್ಟೆಲಿನಲ್ಲೇ ಇರಬೇಕು. ನನಗೆ 15 ವರ್ಷ, ಮನೆ ಬಿಟ್ಟು ಎರಡು ರಾತ್ರಿಗಿಂತ ಜಾಸ್ತಿ ಎಲ್ಲೂ ಉಳಿದಿಲ್ಲ. ಟೈಮ್‌ಟೇಬಲ್ ಕಳಿಸಿದ್ದಾರೆ: ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಮೂರು ಗಂಟೆ ಪ್ರಾಬ್ಲಂ ಸೆಷನ್, ರಾತ್ರಿ ಮತ್ತೆ ಓದು. ಮೂರು ಗಂಟೆ ಲೆಕ್ಕದ ಮುಂದೆ ಕೂತು ಏನು ಮಾಡುತ್ತಾರೆ? ಉಳಿದವರಿಗೆಲ್ಲ ನನಗಿಂತ ಜಾಸ್ತಿ ಗೊತ್ತಿದ್ದರೆ? ಹೋಗಿ ಬಂದ ಅಕ್ಕ, ಅಣ್ಣಂದಿರು ಯಾರಾದರೂ ಹೇಳಿ, ಪ್ಲೀಸ್.

ಹಳೇ ಮೆಂಟರ್:
ತಂಗಿ, ನಾನು 16ನೇ ವಯಸ್ಸಿಗೆ ಇಂಥದ್ದೇ ಶಿಬಿರಕ್ಕೆ ಹೋಗಿದ್ದೆ. ಆಮೇಲೆ ಎರಡು ಬೇಸಿಗೆ ಅಲ್ಲೇ ಹಾಸ್ಟೆಲ್ ಮೆಂಟರ್ ಆಗಿದ್ದೆ. ನನಗೆ ಚೆನ್ನಾಗಿ ನೆನಪಿರುವ ಒಂದು ದಿನ ಹೇಳುತ್ತೇನೆ. ನಾಲ್ಕನೇ ದಿನ.

ಆರೂವರೆಗೆ ಎದ್ದು, ಸ್ನಾನ, ತಿಂಡಿ, ಒಂಬತ್ತಕ್ಕೆ ಕ್ಲಾಸು. ಅಷ್ಟು ಎಲ್ಲ ಕಡೆಯೂ ಒಂದೇ. ಆದರೆ ಪ್ರಾಬ್ಲಂ ಶೀಟ್ ಕ್ಲಾಸಿಗಿಂತ ಮುಂದೆ ಓಡುತ್ತಿರುತ್ತದೆ. ಇನ್ನೂ ಪಾಠ ಆಗದೇ ಇರುವುದನ್ನು ಶೀಟಿನಲ್ಲಿ ಕೇಳಿರುತ್ತಾರೆ. ನನಗೆ ಇದು ಗೊತ್ತಿರಲಿಲ್ಲ. ಎಲ್ಲರಿಗೂ ಮೊದಲೇ ಬರುತ್ತೆ, ನನಗೊಬ್ಬಳಿಗೇ ಬರಲ್ಲ ಅಂದುಕೊಂಡು ಮೂರು ದಿನ ಬಾಯಿ ಬಿಟ್ಟಿರಲಿಲ್ಲ.

ಅವತ್ತಿನ ಶೀಟಿನಲ್ಲಿ 3, 5, 17, 257, 65537 ಅಂತ ಐದು ಸಂಖ್ಯೆ ಇದ್ದವು. 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿದರೆ ಬರುವಂಥವು. ಐದೂ ಅವಿಭಾಜ್ಯ. ಮುಂದಿನದು 2ರ 32ನೇ ಘಾತಕ್ಕೆ 1 ಕೂಡಿದ್ದು, ಅಂದರೆ 4294967297. ಇದೂ ಅವಿಭಾಜ್ಯವೇ? ಕ್ಯಾಲ್ಕುಲೇಟರ್ ಇಲ್ಲ, ಫೋನು ರೂಮಿನಲ್ಲಿ.

ನಾನು 3ರಿಂದ ಭಾಗಿಸಿದೆ, 7ರಿಂದ, 11ರಿಂದ, 13ರಿಂದ. ಒಂದು ಗಂಟೆ ಆಯಿತು, 100 ದಾಟಿದೆ. ಎರಡೂ ಕಡೆ ತುಂಬಿದ ಆರು ಹಾಳೆ. ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತು ಅತ್ತೆ. ರೂಮ್‌ಮೇಟ್ ಹುಡುಕಿಕೊಂಡು ಬಂದಳು. "ನಂಗೂ ಬರ್ಲಿಲ್ಲ ಕಣೇ" ಅಂದಳು. ಆ ಮಾತು ಕೇಳಿ ಎಷ್ಟು ಹಗುರವಾಯಿತು ಅಂದರೆ, ಇಬ್ಬರೂ ಶೀಟನ್ನು ಮತ್ತೆ ಮೊದಲಿನಿಂದ ಓದಿದೆವು.

ಆಗ ಕಂಡಿತು. ಅದರ ಹಿಂದಿನ ಪ್ರಶ್ನೆಯನ್ನು ನಾವಿಬ್ಬರೂ ಹಾರಿಸಿದ್ದೆವು. 'ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವನ್ನಾದರೂ 64ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ ಎಂದು ಸಾಧಿಸಿ' ಅಂತ ಇತ್ತು. ಸಾಧಿಸಲು ಆಗಲಿಲ್ಲ. ಆದರೆ ನಿಜ ಅಂತ ಹಿಡಿದುಕೊಂಡರೆ ಕೆಲಸ ಎಷ್ಟು ಕಡಿಮೆ ನೋಡು! 65, 129, 193 ಹೀಗೆ 64 ಕೂಡಿಸುತ್ತಾ ಹೋಗಬೇಕು, ಅದರಲ್ಲೂ ಅವಿಭಾಜ್ಯ ಆದವನ್ನು ಮಾತ್ರ ಹಿಡಿಯಬೇಕು. 193 ಹೋಗಲಿಲ್ಲ, 257 ಹೋಗಲಿಲ್ಲ, 449, 577 ಊಹೂಂ. ಐದನೆಯದು 641. ಶೇಷ ಸೊನ್ನೆ. 641 ಗುಣಿಸು 6700417. ಅವಳು ಕಿರುಚಿದ್ದಕ್ಕೆ ಪಕ್ಕದ ಕೋಣೆಯವರು ಓಡಿ ಬಂದರು.

ಮರುದಿನ ಕ್ಲಾಸಿನಲ್ಲಿ ಹೇಳಿದರು: ಇವೆಲ್ಲ ಅವಿಭಾಜ್ಯವೇ ಇರಬೇಕು ಅಂತ ಫರ್ಮಾ ಅನ್ನುವ ಗಣಿತಜ್ಞ ನಂಬಿದ್ದ, 1732ರಲ್ಲಿ ಆಯ್ಲರ್ ಅನ್ನುವ ಇನ್ನೊಬ್ಬ ಗಣಿತಜ್ಞ ಇದೇ 641 ತೋರಿಸಿ ಅದು ತಪ್ಪು ಅಂದ. 64ರ ಪ್ರಶ್ನೆಯ ಸಾಧನೆ ನನಗೆ ಹತ್ತು ದಿನ ಬಿಟ್ಟು ಹೊಳೆಯಿತು, ಹಲ್ಲುಜ್ಜುತ್ತಿದ್ದಾಗ.

ಸಂಜೆ ಎರಡು ಗಂಟೆ ಆಟ, ಪುಸ್ತಕ ಮುಟ್ಟುವ ಹಾಗಿಲ್ಲ. ರಾತ್ರಿ ಎಂಟರಿಂದ ಹತ್ತು ಓದು, ಹತ್ತೂವರೆಗೆ ಹಾಜರಿ, ದೀಪ ಆರಿಸುತ್ತಾರೆ. ಟಾರ್ಚ್ ಇಟ್ಟುಕೊಂಡು ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ. ಬೇಡ. ನಿನ್ನ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ನಿದ್ದೆಗೆಟ್ಟವರು ಎರಡನೇ ವಾರ ಬೋರ್ಡಿನ ಮುಂದೆ ಸುಮ್ನೆ ನಿಂತುಬಿಡುವುದನ್ನು ಮೆಂಟರ್ ಆಗಿದ್ದಾಗ ಕಣ್ಣಾರೆ ನೋಡಿದ್ದೇನೆ.

ಲ್ಯಾಬ್ ಕಡೆಯವನು:
ನಾನು ಹೋಗಿದ್ದು ಜೀವಶಾಸ್ತ್ರದ ಶಿಬಿರಕ್ಕೆ, ಅಲ್ಲಿ ಶೀಟಿನ ಬದಲು ಲ್ಯಾಬ್ ನೋಟ್‌ಬುಕ್. ತಪ್ಪನ್ನು ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು ಅಂತ ಮೊದಲ ದಿನವೇ ಹೇಳಿದ್ದರು. ಗಣಿತಕ್ಕೂ ಅದನ್ನೇ ಮಾಡಿ. ಎಲ್ಲಿ ದಾರಿ ತಪ್ಪಿತು ಅಂತ ಮೆಂಟರ್‌ಗೆ ತೋರಿಸಬಹುದು. ಅಂದ ಹಾಗೆ, ಹಾಸ್ಟೆಲಿಗೆ ಸಣ್ಣ ಬೀಗ ಮತ್ತು ಇಯರ್‌ಪ್ಲಗ್ ಮರೀಬೇಡಿ.

ಮೊದಲ ಸಲ ಹೊರಟವಳು:
ತುಂಬಾ ಥ್ಯಾಂಕ್ಸ್. ಅಕ್ಕ, ಇನ್ನೊಂದು ಪ್ರಶ್ನೆ. ಉತ್ತರ ಬರದಿದ್ದರೆ ಮೆಂಟರ್ ಹೇಳಿಕೊಡ್ತಾರಾ? ಮನೆ ನೆನಪಾದರೆ ಫೋನ್ ಮಾಡಲು ಬಿಡ್ತಾರಾ?

ಹಳೇ ಮೆಂಟರ್:
ನಮ್ಮಲ್ಲಿ ಉತ್ತರ ಹೇಳುತ್ತಿರಲಿಲ್ಲ. ನಾನೂ ಹೇಳಿಲ್ಲ. "ಚಿಕ್ಕ ಸಂಖ್ಯೆ ಹಾಕಿ ನೋಡಿದೆಯಾ? ಹಿಂದಿನ ಪ್ರಶ್ನೆ ಓದಿದೆಯಾ?" ಅಂತ ಕೇಳುತ್ತಿದ್ದೆ, ಅಷ್ಟೇ. ಕೆಲವರಿಗೆ ಕೋಪ ಬರುತ್ತಿತ್ತು. ಆದರೂ ಹೇಳುತ್ತಿರಲಿಲ್ಲ. ಹೇಳಿದರೆ 641 ಸಿಕ್ಕಾಗಿನ ಆ ಕಿರುಚಾಟವನ್ನು ನಾನೇ ಅವರಿಂದ ಕಿತ್ತುಕೊಂಡ ಹಾಗಾಗುತ್ತಿತ್ತು, ಅಲ್ವಾ?

ಫೋನಿಗೆ ನಮ್ಮಲ್ಲಿ ಸಂಜೆ ಅರ್ಧ ಗಂಟೆ ಕೊಡುತ್ತಿದ್ದರು. ನಿಮ್ಮಲ್ಲಿ ಎಷ್ಟು ಹೊತ್ತು ಅಂತ ಈಗಲೇ ಕೇಳಿಟ್ಟುಕೋ. ಮಲಗುವ ಮುಂಚೆ ಮಾಡಬೇಡ, ಆಮೇಲೆ ನಿದ್ದೆ ಬರಲ್ಲ. ಆಟಕ್ಕೆ ಹೋಗುವ ಮೊದಲು ಮಾಡು. ಅಮ್ಮನಿಗೂ ಆ ಹೊತ್ತು ಮೊದಲೇ ಹೇಳಿಡು, ಅವರೂ ಕಾಯುತ್ತಿರುತ್ತಾರೆ. ರಾತ್ರಿ ತೀರಾ ಕಷ್ಟವಾದರೆ ಮೆಂಟರ್ ಬಾಗಿಲು ತಟ್ಟು. ಒಂದು ರಾತ್ರಿ ಹನ್ನೊಂದಕ್ಕೆ ಒಬ್ಬಳು ತಟ್ಟಿದ್ದಳು. ಲೆಕ್ಕದ ಮಾತೇ ಎತ್ತದೆ ಇಬ್ಬರೂ ವರಾಂಡದಲ್ಲಿ ಕೂತಿದ್ದೆವು.