ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಕ್ರೂಸ್: ಹೋಗಿಬಂದವರು ಸ್ವಲ್ಪ ಹೇಳಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಲ್ಲಿ ವಿಯೆಟ್ನಾಂಗೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, ಮಗಳು, ಜೊತೆಗೆ ಅಪ್ಪ ಅಮ್ಮ. ಅವರಿಬ್ಬರಿಗೂ ಎಪ್ಪತ್ತರ ಹತ್ತಿರ, ಅಮ್ಮನಿಗೆ ಮಂಡಿನೋವು ಬೇರೆ. ಹಾ ಲಾಂಗ್ ಕೊಲ್ಲಿಗೆ ಹನೋಯ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಟೂರ್ ಸಾಕಾ, ಹಡಗಿನಲ್ಲೇ ರಾತ್ರಿ ಉಳಿಯಬೇಕಾ? ಉಳಿದರೆ ಒಂದು ರಾತ್ರಿಯಾ, ಎರಡಾ? ಅಲೆಗೆ ತಲೆ ಸುತ್ತುತ್ತಾ? ನಾವೆಲ್ಲ ಸಸ್ಯಾಹಾರಿಗಳು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಒಂದು ರಾತ್ರಿ ಉಳಿದುಬಂದವರು:
ಬೆಳಿಗ್ಗೆ ಹೋಗಿ ಸಂಜೆ ಬರೋದು ಬೇಡ ಸರ್. ಹನೋಯ್‌ನಿಂದ ಬಂದರಿಗೆ ಸುಮಾರು 160 ಕಿ.ಮೀ. ಎಕ್ಸ್‌ಪ್ರೆಸ್‌ವೇ ಆದಮೇಲೆ ಎರಡೂವರೆ ಗಂಟೆಯ ದಾರಿ ಅಂತಾರೆ. ಆದರೆ ವ್ಯಾನ್ ನಾಲ್ಕಾರು ಹೋಟೆಲ್ ಸುತ್ತಿ ಜನರನ್ನು ಹತ್ತಿಸಿಕೊಳ್ಳುತ್ತೆ, ನಡುವೆ ಮುತ್ತಿನ ಅಂಗಡಿಯ ಮುಂದೆ ನಿಲ್ಲುತ್ತೆ. ಹೋಗಿಬರೋದರಲ್ಲೇ ಆರು ಗಂಟೆ ಕಳೀತು. ವಯಸ್ಸಾದವರಿಗೆ ಒಂದೇ ದಿನದಲ್ಲಿ ಅದು ಸುಸ್ತು.

ಒಂದು ವಿಷಯ ಮಾತ್ರ ಮೊದಲೇ ಗೊತ್ತಿರಲಿ. ‘ಎರಡು ದಿನ, ಒಂದು ರಾತ್ರಿ’ ಅಂತ ಮಾರುತ್ತಾರಲ್ವಾ, ಅದು ಪೂರ್ತಿ ಒಂದು ದಿನವೂ ಇರಲ್ಲ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹಡಗು ಹತ್ತಿಸುತ್ತಾರೆ. ಊಟ, ಒಂದು ಗುಹೆ, ಕಯಾಕ್ (ನಾವೇ ಹುಟ್ಟು ಹಾಕುವ ಸಣ್ಣ ದೋಣಿ), ಸೂರ್ಯಾಸ್ತ, ಸ್ಪ್ರಿಂಗ್ ರೋಲ್ ಸುತ್ತೋದನ್ನು ಹೇಳಿಕೊಡುವ ಅಡುಗೆ ಪಾಠ, ರಾತ್ರಿ ಊಟ. ಬೆಳಿಗ್ಗೆ ಆರೂಕಾಲಕ್ಕೆ ಮೇಲಿನ ಡೆಕ್‌ನಲ್ಲಿ ತಾಯ್ ಚಿ ವ್ಯಾಯಾಮ. ಆಮೇಲೆ ಇನ್ನೊಂದು ಜಾಗ ತೋರಿಸಿ, ಒಂಬತ್ತೂವರೆಗೆಲ್ಲ ರೂಮ್ ಖಾಲಿ ಮಾಡಿ ಅಂತಾರೆ. ಹನ್ನೊಂದರ ಸುಮಾರಿಗೆ ಮತ್ತೆ ಬಂದರು.

ಆದರೂ ಉಳಿಯಿರಿ ಅಂತಲೇ ಹೇಳುತ್ತೇನೆ, ಯಾಕಂದ್ರೆ ಹಗಲಿನ ದೋಣಿಗಳೆಲ್ಲ ವಾಪಸ್ ಹೋದಮೇಲೆ ಆ ಜಾಗವೇ ಬೇರೆ. ನೀರಿನಿಂದ ನೆಟ್ಟಗೆ ಎದ್ದಿರುವ ಸುಣ್ಣಕಲ್ಲಿನ ಗುಡ್ಡಗಳು, ಮೇಲೆಲ್ಲ ಹಸಿರು, ನೀರು ತಾಗುವ ಕಡೆ ಅಲೆ ಕೊರೆದು ಒಳಗೆ ಹೋಗಿರುವ ಬಂಡೆ. ಬೆಳಿಗ್ಗೆ ಐದೂವರೆಗೆ ಎದ್ದು ಡೆಕ್‌ಗೆ ಹೋದರೆ ಅದೆಲ್ಲ ನಿಮಗೊಬ್ಬರಿಗೇ. ಪೂರ್ತಿ ಏಕಾಂತ ಅಂತ ಮಾತ್ರ ನಂಬಬೇಡಿ. ರಾತ್ರಿ ಲಂಗರು ಹಾಕಲು ಗೊತ್ತುಪಡಿಸಿದ ಜಾಗಗಳಿವೆ, ಎಲ್ಲ ಹಡಗೂ ಅಲ್ಲೇ ಬಂದು ನಿಲ್ಲುತ್ತವೆ. ಪಕ್ಕದವರ ಕ್ಯಾರಿಯೋಕೆಯೂ ಕೇಳಿಸಬಹುದು.

ಅಲೆಯ ಭಯ ಬೇಡ. ಸಾವಿರಾರು ದ್ವೀಪಗಳು ಅಡ್ಡ ನಿಂತಿರೋದರಿಂದ ಒಳಗಿನ ನೀರು ಕೆರೆಯ ಹಾಗೆ ಇರುತ್ತೆ. ಹಡಗು ಹೊರಟಿದ್ದೇ ನಮಗೆ ತಿಳಿಯಲಿಲ್ಲ.

ಅಮ್ಮನ ಜೊತೆ ಹೋಗಿದ್ದವರು:
ಮಂಡಿನೋವು ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಎರಡು ಕಡೆ ಹುಷಾರು. ಒಂದು, ಬಂದರಿನಿಂದ ದೊಡ್ಡ ಹಡಗಿಗೆ ಹೆಚ್ಚಾಗಿ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಆ ದೋಣಿಯಿಂದ ಹಡಗಿಗೆ ಕಾಲಿಡುವಾಗ ಎರಡೂ ಅಲುಗಾಡುತ್ತವೆ. ಸಿಬ್ಬಂದಿ ಕೈ ಹಿಡಿಯುತ್ತಾರೆ, ಆದರೂ ನೀವು ಹಿಂದೆ ಇರಿ. ಗುಹೆಗೆ, ದ್ವೀಪಕ್ಕೆ ಹೋಗುವಾಗಲೂ ಪ್ರತಿ ಸಲ ಇದೇ ಕಥೆ.

ಇನ್ನೊಂದು ಮೆಟ್ಟಿಲು. ಟಿಟಾಪ್ ದ್ವೀಪದ ತುದಿಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಕಡಿದಾಗಿವೆ. ಅಮ್ಮನಿಗೆ ಆಗಲ್ಲ, ಕೆಳಗೆ ಮರಳಿನ ದಂಡೆ ಇದೆ, ಕೂತಿರಬಹುದು. (ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೋವ್ 1962ರಲ್ಲಿ ಹೋ ಚಿ ಮಿನ್ ಜೊತೆ ಬಂದಿದ್ದರು, ಆ ದ್ವೀಪಕ್ಕೆ ಅವರದೇ ಹೆಸರು. ಅಲ್ಲಿ ಅವರ ಪ್ರತಿಮೆಯೂ ಇದೆ.) ಸುಂಗ್ ಸೋಟ್ ಗುಹೆ ತುಂಬಾ ದೊಡ್ಡದು, ಚೆನ್ನಾಗಿದೆ. ಆದರೆ ಹತ್ತಿ ಇಳಿಯಲೇಬೇಕು, ಒಳಗೆ ಜನಜಂಗುಳಿ, ನಡುವೆ ಸುಸ್ತಾಯಿತು ಅಂತ ಹಿಂದಕ್ಕೆ ತಿರುಗೋದು ಕಷ್ಟ. ನಮ್ಮಮ್ಮ ಎರಡಕ್ಕೂ ಬರದೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಇಡೀ ಟ್ರಿಪ್‌ನಲ್ಲಿ ಅವರಿಗೆ ಇಷ್ಟವಾಗಿದ್ದು ಅದೇ! ಹಾಗಾಗಿ ದುಡ್ಡು ಸ್ವಲ್ಪ ಜಾಸ್ತಿಯಾದರೂ ಅಪ್ಪ ಅಮ್ಮನಿಗೆ ಬಾಲ್ಕನಿ ಇರುವ ರೂಮ್ ತೆಗೆದುಕೊಳ್ಳಿ. ಊಟದ ಕೋಣೆ ಯಾವ ಮಹಡಿಯಲ್ಲಿದೆ, ಲಿಫ್ಟ್ ಇದೆಯಾ ಅಂತಲೂ ಕೇಳಿ. ಸಣ್ಣ ಹಡಗುಗಳಲ್ಲಿ ಕಿರಿದಾದ ಏಣಿಯಂಥ ಮೆಟ್ಟಿಲೇ ಗತಿ.

ಎರಡು ರಾತ್ರಿ ಇದ್ದವರು:
ಎಲ್ಲರೂ ರೂಮ್ ಫೋಟೋ, ಬಾತ್‌ಟಬ್ ನೋಡಿ ಬುಕ್ ಮಾಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ದಾರಿ. ಅಲ್ಲಿ ಮೂರು ಕೊಲ್ಲಿಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಹಾ ಲಾಂಗ್, ಹೆಸರು ಜಾಸ್ತಿ, ದೋಣಿಯೂ ಜಾಸ್ತಿ. ದಕ್ಷಿಣಕ್ಕೆ ಕಾಟ್ ಬಾ ದ್ವೀಪದ ಪಕ್ಕ ಲಾನ್ ಹಾ. ಈಶಾನ್ಯಕ್ಕೆ ಬಾಯ್ ತು ಲಾಂಗ್. ಗುಡ್ಡ, ನೀರು ಮೂರರಲ್ಲೂ ಒಂದೇ ಥರ, ಗಲಾಟೆ ಮಾತ್ರ ಬೇರೆ. ಹಾ ಲಾಂಗ್ 1994ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿತ್ತು, 2023ರಲ್ಲಿ ಕಾಟ್ ಬಾ ದ್ವೀಪಸಮೂಹವನ್ನೂ ಅದಕ್ಕೆ ಸೇರಿಸಿದರು. ಹಾಗಾಗಿ ಲಾನ್ ಹಾ ಕಡೆಗೆ ಹೋದರೆ ‘ಅಸಲಿ’ ಜಾಗ ತಪ್ಪಿಹೋಯಿತು ಅನ್ನೋ ಕೊರಗು ಬೇಡ.

ನಿಮ್ಮ ಜೊತೆ ಹಿರಿಯರಿದ್ದಾರೆ, ನಾನಾದರೆ ಲಾನ್ ಹಾ ಆರಿಸಿಕೊಳ್ಳುತ್ತಿದ್ದೆ. ಅಲ್ಲಿ ಡಾರ್ಕ್ ಅಂಡ್ ಬ್ರೈಟ್ ಅನ್ನೋ ಗುಹೆ ಇದೆ. ಅದರೊಳಗೆ ನೀರೇ ಹರಿದು ಹೋಗಿದೆ, ದೋಣಿಯಲ್ಲಿ ಕೂತೇ ದಾಟಬಹುದು. ಕಯಾಕ್ ಬೇಡ ಅಂದರೆ ಸ್ಥಳೀಯರು ಹುಟ್ಟು ಹಾಕುವ ಬಿದಿರಿನ ದೋಣಿ ಸಿಗುತ್ತೆ. ಹಾ ಲಾಂಗ್‌ನಲ್ಲೇ ಹೋಗೋದಾದರೆ ಲುವಾನ್ ಗುಹೆಯಲ್ಲೂ ಇದೇ ಅನುಕೂಲ, ಮೆಟ್ಟಿಲೇ ಇಲ್ಲ.

ತೇಲುವ ಹಳ್ಳಿಗಳನ್ನು ನೋಡುವ ಆಸೆ ಇದ್ದರೆ ಒಂದು ಮಾತು. ಅಲ್ಲಿದ್ದ ಮೀನುಗಾರ ಕುಟುಂಬಗಳಲ್ಲಿ ಹೆಚ್ಚಿನವರನ್ನು 2014ರಲ್ಲಿ ಸರ್ಕಾರ ದಡಕ್ಕೆ ಸ್ಥಳಾಂತರಿಸಿತು. ಈಗ ಅಲ್ಲಿ ಕಾಣೋದು ಬಹುಪಾಲು ಪ್ರವಾಸಿಗರಿಗಾಗಿ ಉಳಿಸಿಕೊಂಡದ್ದು.

ಎರಡು ರಾತ್ರಿಯಲ್ಲಿ ನಡುವಿನ ದಿನವನ್ನು ಸಣ್ಣ ದೋಣಿಯಲ್ಲಿ ದೂರದ ಜಾಗಗಳಲ್ಲಿ ಕಳೆಯುತ್ತೀರಿ, ಅದು ಚೆನ್ನ. ಡಿಸೆಂಬರ್ ಚಳಿಯಲ್ಲಿ ಹಿರಿಯರ ಜೊತೆ ಒಂದೇ ಸಾಕು.

ಹವಾಮಾನದ ಬಗ್ಗೆ ಬರೆದವರು:
ಡಿಸೆಂಬರ್ ಕೊನೆಯಲ್ಲಿ ಮಳೆ ಕಡಿಮೆ, ಚಳಿ ಇರುತ್ತೆ. ಉತ್ತರ ವಿಯೆಟ್ನಾಂ ಅಂದರೆ ಬಿಸಿಲ ನಾಡಲ್ಲ. ಹಗಲಲ್ಲೂ ಹದಿನೈದು, ಹದಿನೆಂಟು ಡಿಗ್ರಿ, ಡೆಕ್ ಮೇಲೆ ಗಾಳಿ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಇರಲಿ. ಮಂಜು ಕವಿದರೆ ಫೋಟೋಗಳಲ್ಲಿ ಕಾಣುವ ಹಸಿರು ನೀರು, ನೀಲಿ ಆಕಾಶ ಇರಲ್ಲ, ಎಲ್ಲ ಬೂದು. ನನಗೆ ಅದೇ ಇಷ್ಟವಾಯಿತು, ನನ್ನ ತಮ್ಮ ದುಡ್ಡು ದಂಡ ಅಂದ! ಬಿಸಿಲೇ ಬೇಕು ಅನ್ನೋರು ಅಕ್ಟೋಬರ್, ನವೆಂಬರ್‌ನಲ್ಲಿ ಅಥವಾ ಏಪ್ರಿಲ್ ಹೊತ್ತಿಗೆ ಹೋಗಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಯಾರಾದರೂ ಓದುತ್ತಿದ್ದರೆ ಅವರಿಗೆ: ಅದು ಚಂಡಮಾರುತದ ಕಾಲ. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಇದೇ ಕರಾವಳಿಗೆ ಅಪ್ಪಳಿಸಿ ಹಲವು ಪ್ರವಾಸಿ ದೋಣಿಗಳನ್ನು ಮುಳುಗಿಸಿತು. 2025ರ ಜುಲೈ 19ರಂದು ದಿಢೀರನೆ ಎದ್ದ ಗುಡುಗು ಗಾಳಿಗೆ ಒಂದು ಪ್ರವಾಸಿ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಗಾಳಿ ಜೋರಾದರೆ ಬಂದರಿನ ಅಧಿಕಾರಿಗಳು ಹಡಗು ಬಿಡಲ್ಲ. ಆಗ ಏಜೆಂಟರ ಜೊತೆ ಜಗಳ ಆಡಬೇಡಿ. ರದ್ದಾದರೆ ಪೂರ್ತಿ ಹಣ ವಾಪಸ್ ಕೊಡುತ್ತಾರಾ, ಬೇರೆ ದಿನ ಕೊಡುತ್ತಾರಾ ಅಂತ ಬುಕ್ ಮಾಡುವ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಲೈಫ್ ಜಾಕೆಟ್ ಎಲ್ಲಿಟ್ಟಿದ್ದಾರೆ ಅಂತ ರೂಮಿಗೆ ಹೋದ ತಕ್ಷಣ ನೋಡಿಕೊಳ್ಳಿ. ಮಗಳಿಗೆ ಆಗುವ ಅಳತೆಯದು ಕೇಳಿ ತರಿಸಿ.

ಸಸ್ಯಾಹಾರಿ ಒಬ್ಬರು:
ಊಟಕ್ಕೆ ತೊಂದರೆ ಇಲ್ಲ, ಆದರೆ ಬುಕ್ ಮಾಡುವಾಗಲೇ ಹೇಳಬೇಕು. ಹಡಗು ಹೊರಟಮೇಲೆ ಹೇಳಿದರೆ ಅಡುಗೆಯವರ ಹತ್ತಿರ ಸಾಮಾನೇ ಇರಲ್ಲ. ಬರೀ ‘ವೆಜ್’ ಅನ್ನಬೇಡಿ. ಮೀನಿನ ಸಾಸ್ ಬೇಡ, ಸಿಗಡಿ ಬೇಡ, ಮಾಂಸದ ಸೂಪಿನ ನೀರು ಬೇಡ, ಮೊಟ್ಟೆ ಆಗುತ್ತೋ ಇಲ್ಲವೋ ಅಂತ ಬಿಡಿಸಿ ಬರೆಯಿರಿ. ಅಲ್ಲಿ ಮೀನಿನ ಸಾಸ್ ಹಾಕದೆ ಸೊಪ್ಪನ್ನೂ ಬಾಡಿಸಲ್ಲ. ನಮಗೆ ತೋಫು, ಅಣಬೆ, ಅನ್ನ, ಹಣ್ಣು ಧಾರಾಳವಾಗಿ ಸಿಕ್ಕಿತು. ಖಾರ ಮಾತ್ರ ಸೊನ್ನೆ, ಚಟ್ನಿಪುಡಿ ಜೊತೆಗಿರಲಿ.

ಊಟ ಟಿಕೆಟ್‌ನಲ್ಲೇ ಸೇರಿರುತ್ತೆ, ಕುಡಿಯೋದಕ್ಕೆ ಬೇರೆ ಬಿಲ್. ಒಬ್ಬರಿಗೆ ನೂರರಿಂದ ಇನ್ನೂರೈವತ್ತು ಡಾಲರ್‌ವರೆಗೂ ಹಡಗುಗಳಿವೆ. ತೀರಾ ಅಗ್ಗದ್ದರ ಹಿಂದೆ ಹೋಗಬೇಡಿ, ಇತ್ತೀಚಿನ ರಿವ್ಯೂ ಓದಿ.

ಬೇಡ ಅನ್ನುವವರೊಬ್ಬರು:
ಎಲ್ಲರೂ ಹೊಗಳುತ್ತಿದ್ದಾರೆ, ನಾನೊಬ್ಬ ಅಡ್ಡ ಮಾತಾಡುತ್ತೇನೆ. ಹನೋಯ್ ಕಡೆ ನಿಮಗಿರೋದು ಮೂರೇ ದಿನ ಅಂದರೆ ನಿನ್ ಬಿನ್ ಬಳಿಯ ತ್ರಾಂಗ್ ಆನ್‌ಗೆ ಹೋಗಿ. ಇದೇ ಥರದ ಸುಣ್ಣಕಲ್ಲಿನ ಗುಡ್ಡಗಳು, ಸಮುದ್ರದ ಬದಲು ಸಿಹಿನೀರು. ಹುಟ್ಟು ಹಾಕುವ ದೋಣಿಯಲ್ಲಿ ಗುಹೆಗಳ ಒಳಗೇ ಕರೆದೊಯ್ಯುತ್ತಾರೆ. ಹನೋಯ್‌ನಿಂದ ನೂರು ಕಿ.ಮೀ. ಒಳಗೆ, ಖರ್ಚೂ ತೀರಾ ಕಡಿಮೆ. ಕ್ರೂಸ್‌ನಲ್ಲಿ ಗಂಟೆ ಹೊಡೆದ ಹಾಗೆ ಒಂದಾದಮೇಲೊಂದು ಕಾರ್ಯಕ್ರಮ, ನನಗೆ ಅದು ಆಗಲಿಲ್ಲ.

ಕೇಳಿದವರು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹನೋಯ್ ಕಡೆ ಐದು ದಿನ ಇದೆ, ಹಾಗಾಗಿ ಲಾನ್ ಹಾದಲ್ಲಿ ಒಂದು ರಾತ್ರಿ, ತ್ರಾಂಗ್ ಆನ್‌ಗೆ ಒಂದು ಹಗಲು ಅಂತ ಮಾತಾಡಿಕೊಂಡೆವು. ದೊಡ್ಡ ಸೂಟ್‌ಕೇಸ್‌ಗಳನ್ನು ಏನು ಮಾಡೋದು?

ಅಮ್ಮನ ಜೊತೆ ಹೋಗಿದ್ದವರು:
ಹನೋಯ್ ಹೋಟೆಲ್‌ನಲ್ಲೇ ಬಿಡಿ, ವಾಪಸ್ ಅಲ್ಲಿಗೇ ಬರುತ್ತೀರಿ ಅಂದರೆ ಸುಮ್ನೆ ಇಟ್ಟುಕೊಳ್ಳುತ್ತಾರೆ. ಹಡಗಿಗೆ ಒಬ್ಬೊಬ್ಬರಿಗೆ ಒಂದು ಸಣ್ಣ ಬ್ಯಾಗ್ ಸಾಕು. ಆದರೆ ಪಾಸ್‌ಪೋರ್ಟ್ ಮಾತ್ರ ಸೂಟ್‌ಕೇಸ್‌ನಲ್ಲಿ ಉಳಿಯದಿರಲಿ, ಹತ್ತುವಾಗ ಕೇಳುತ್ತಾರೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ 2019ರಿಂದ ಕೊಲ್ಲಿಯಲ್ಲಿ ಅವಕಾಶವಿಲ್ಲ, ಸ್ಟೀಲ್ ಬಾಟಲಿ ಒಯ್ಯಿರಿ. ಅಮ್ಮನ ಮಾತ್ರೆಗಳು ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗ್ ತಂದರೆ ಅದನ್ನು ಹಡಗಿನವರೇ ಬೇರೆಯಾಗಿ ಸಾಗಿಸುತ್ತಾರೆ, ರೂಮಿಗೆ ಬರೋದು ಕೆಲವು ಸಲ ಊಟ ಆದಮೇಲೆ.