ಯೋಧನ ಪತ್ನಿಯ ಮರುಮದುವೆ: ದಾಟಿ ಬಂದವರು ಅನುಭವ ಹೇಳಿ

ಪ್ರಶ್ನೆ: ನಾಲ್ಕು ವರ್ಷಗಳ ಹಿಂದೆ ನನ್ನ ಪತಿ ಗಡಿ ನಿಯಂತ್ರಣ ರೇಖೆಯಲ್ಲಿ ಹುತಾತ್ಮರಾದರು. ಆರು ವರ್ಷದ ಮಗಳೊಂದಿಗೆ ಅತ್ತೆಯ ಮನೆಯಲ್ಲಿದ್ದೇನೆ. ನನ್ನೊಂದಿಗೆ ಪಾಠ ಮಾಡುವ ಶಿಕ್ಷಕರೊಬ್ಬರನ್ನು ಮದುವೆಯಾಗುವ ಮನಸ್ಸಿದೆ. ಮೈದುನನನ್ನೇ ಮಾಡಿಕೊಳ್ಳದಿದ್ದರೆ ಪಿಂಚಣಿ ನಿಲ್ಲುತ್ತದೆ ಎಂದು ಅತ್ತೆ ಹೇಳುತ್ತಾರೆ. ಏನು ಮಾಡಲಿ?

ಉತ್ತರ 1: 1999ರಲ್ಲಿ ನನ್ನವರು ಕಾರ್ಗಿಲ್‌ನಿಂದ ತ್ರಿವರ್ಣ ಹೊದ್ದ ಪೆಟ್ಟಿಗೆಯಲ್ಲಿ ಊರಿಗೆ ಬಂದಾಗ ನನಗೆ ಇಪ್ಪತ್ತಮೂರು ವರ್ಷ. ತಿಂಗಳೊಳಗೆ ಮೈದುನನೊಂದಿಗೆ ಉಡಿಕೆ, ಅಂದರೆ ವಿಧವೆಯ ಮರುಮದುವೆ, ಮಾಡುವ ಮಾತು ಬಂತು. ನಮ್ಮ ಬೆಳಗಾವಿ ಸೀಮೆಯಲ್ಲಿ ಉಡಿಕೆ ಹೊಸದಲ್ಲ. ಆದರೆ ಆ ಸಲ ಅದರ ಹಿಂದೆ ಪರಿಹಾರದ ಹಣವೂ, ಕಾರ್ಗಿಲ್ ಹುತಾತ್ಮರ ಕುಟುಂಬಗಳಿಗೆ ಸರ್ಕಾರ ಕೊಡುತ್ತಿದ್ದ ಪೆಟ್ರೋಲ್ ಬಂಕ್‌ನ ಆಸೆಯೂ ಇದ್ದವು. ನಾನು ಸೊಸೆಯಾಗಿ ಬಂದಾಗ ಪಾಟಿಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದ ಹುಡುಗ ಅವನು. ನಾನು ಒಪ್ಪಲಿಲ್ಲ. ಐದು ವರ್ಷಗಳ ನಂತರ ಬೇರೊಬ್ಬರನ್ನು ಮದುವೆಯಾದಾಗ ಅತ್ತೆ ಮಾತು ಬಿಟ್ಟರು. ಜುಲೈ 26ರ ವಿಜಯ ದಿವಸದಂದು ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಶಾಲು ಹೊದಿಸುತ್ತಿದ್ದರೂ ಅವರು ನನ್ನತ್ತ ತಿರುಗುತ್ತಿರಲಿಲ್ಲ. ನನ್ನನ್ನು ಕಾಡಿದ್ದು ಸತ್ತವರಿಗೆ ಎರಡು ಬಗೆದೆನೆಂಬ ಭಾವಕ್ಕಿಂತ ಹೆಚ್ಚಾಗಿ ಆ ಮುದುಕಿಯನ್ನು ಬಿಟ್ಟುಬಂದೆನೆಂಬುದು. ಇವೆರಡೂ ಬೇರೆ ಬೇರೆ ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಪಿಂಚಣಿ ಬರುವುದು ಸೊಸೆಯ ಹೆಸರಿಗೆ. ಅವಳು ಹೊಸ್ತಿಲು ದಾಟಿದರೆ ತಮ್ಮ ಮುಪ್ಪಿಗೆ ಗತಿಯೇನು ಎಂಬ ಭಯವನ್ನು ಅತ್ತೆ ಮೈದುನನ ಮಾತಿನಲ್ಲಿ ಹೇಳುತ್ತಿದ್ದರು. ಪ್ರತಿ ತಿಂಗಳು ಹಣ ತಪ್ಪದೆ ತಲುಪತೊಡಗಿದ ಮೇಲೆ, ಮೂರನೆಯ ವರ್ಷ ಅದೇ ವೇದಿಕೆಯಲ್ಲಿ, "ಉಂಡು ಬಂದೆಯಾ?" ಎಂದು ಕೇಳಿದರು.

ಉತ್ತರ 2: ನಾನು ನಿವೃತ್ತ ಸುಬೇದಾರ್. ನಿಮ್ಮ ಅತ್ತೆಯವರ ಮಾತಿಗೆ ಹಳೆಯ ಬೇರಿದೆ. ಶೌರ್ಯ ಪ್ರಶಸ್ತಿಯ ಮಾಸಿಕ ಭತ್ಯೆ ಮರುಮದುವೆಯಾದ ಪತ್ನಿಗೆ ಮುಂದುವರಿಯಬೇಕಾದರೆ ಅವಳು ಮೃತ ಪತಿಯ ಸಹೋದರನನ್ನೇ ವರಿಸಿರಬೇಕೆಂಬ ಷರತ್ತು ಇತ್ತು. ಅದನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರ್‌ನಲ್ಲಿ. ಇನ್ನು ಕಾರ್ಯಾಚರಣೆಯಲ್ಲಿ ಮಡಿದ ಯೋಧರ ಕುಟುಂಬಕ್ಕೆ ಸಿಗುವ ಉದಾರೀಕೃತ ಕುಟುಂಬ ಪಿಂಚಣಿ, ಮರುಮದುವೆಯ ನಂತರವೂ ಮೃತ ಯೋಧನ ಮಕ್ಕಳನ್ನು ತಾಯಿ ಸಾಕುತ್ತಿದ್ದರೆ ಅವಳಿಗೆ ನಿಲ್ಲುವುದಿಲ್ಲ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಅತ್ತೆ-ಮಾವನನ್ನೂ ಕರೆದೊಯ್ದು ಅವರ ಎದುರಿಗೇ ಕೇಳಿ. ಸೊಸೆಯ ಬಾಯಿಂದ ಬಂದರೆ ಇದನ್ನು ನಂಬುವುದಿಲ್ಲ.

ಉತ್ತರ 3: ನಾನು ಆ ಮೈದುನನ ಜಾಗದಲ್ಲಿದ್ದವನು. ಕಾಲೇಜಿನಲ್ಲಿ ಒಬ್ಬಳಿಗೆ ಮಾತು ಕೊಟ್ಟಿದ್ದೆ. ಅಣ್ಣನ ಮಕ್ಕಳು ಅನಾಥರಾಗಬಾರದೆಂದು ಅಪ್ಪ ಅತ್ತಾಗ ಅತ್ತಿಗೆಯ ಕೈ ಹಿಡಿದೆ. ಅವರು ಒಳ್ಳೆಯವರು, ನಾವು ಜಗಳವಾಡಿದ್ದೇ ಇಲ್ಲ. ಜಗಳವಾಡುವಷ್ಟು ಸಲಿಗೆ ಇಪ್ಪತ್ತು ವರ್ಷಗಳಲ್ಲಿ ಬರಲಿಲ್ಲ ಎಂದರೂ ಸರಿಯೇ. ನಿಮ್ಮ ಪ್ರಶ್ನೆಯಲ್ಲಿ ಅತ್ತೆಯ ಮಾತಿದೆ, ನಿಮ್ಮ ಮನಸ್ಸಿದೆ. ಆ ಹುಡುಗನನ್ನು ಯಾರಾದರೂ ಕೇಳಿದ್ದೀರಾ?

ಪ್ರಶ್ನೆ ಕೇಳಿದವರು: ಇಲ್ಲ. ಅವನು ಭಾನುವಾರ ಊರಿಗೆ ಬರುತ್ತಾನೆ, ಆಗ ಕೇಳುತ್ತೇನೆ.