ಹೌಸ್‌ಬೋಟಿನಲ್ಲಿ ಅವಸರವಿಲ್ಲದ ಪ್ರವಾಸ: ವಲಿಯಪರಂಬವೋ, ಕುಟ್ಟನಾಡೋ?

ಪ್ರಶ್ನೆ: ಪೆರ್ಲದ ಕೃಷಿಕ

ಬಲ್ಲವರಲ್ಲಿ ಒಂದು ವಿಚಾರಣೆ. ಬರುವ ಕ್ರಿಸ್ಮಸ್ ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ, ದೋಣಿಯಲ್ಲೇ ಉಂಡು ಮಲಗಿ, ಹಳ್ಳಿಗಳ ನಡುವಣ ತೋಡುಗಳಲ್ಲಿ (ಕಿರುಗಾಲುವೆಗಳಲ್ಲಿ) ಎರಡು ಮೂರು ದಿನ ನಿಧಾನವಾಗಿ ಸುತ್ತಿ ಬರಬೇಕೆಂದು ಯೋಚಿಸಿದ್ದೇವೆ. ನಮ್ಮದೇ ಕಾಸರಗೋಡು ಜಿಲ್ಲೆಯ ವಲಿಯಪರಂಬ ಸಾಕೋ, ಆಲಪ್ಪುಳದ ಕಡೆಯ ಕುಟ್ಟನಾಡಿಗೇ ಹೋಗಬೇಕೋ ಎಂಬಲ್ಲಿಗೆ ಮಾತು ಬಂದು ನಿಂತಿದೆ. ತಂದೆಯವರಿಗೆ ವಯಸ್ಸಾಗಿದೆ, ತಾಯಿಗೆ ಮಂಡಿನೋವು, ಮಕ್ಕಳಿಬ್ಬರು ಶಾಲೆಗೆ ಹೋಗುವವರು. ಹಿರಿಯರು ಈರುಳ್ಳಿ ಬೆಳ್ಳುಳ್ಳಿ ಸೇವಿಸುವುದಿಲ್ಲ. ಮೂರು ದಿನವೂ ದೋಣಿ ಸಾಗುತ್ತಲೇ ಇರುತ್ತದೆಯೇ, ಕಿರಿದಾದ ತೋಡುಗಳ ಒಳಗೆ ಹೋಗುತ್ತದೆಯೇ ಎಂಬುದನ್ನು ಮುಖ್ಯವಾಗಿ ತಿಳಿಸಬೇಕು.

ಉತ್ತರ 1: ನೀಲೇಶ್ವರ ನಿವಾಸಿ

ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಇಲ್ಲಿಗೇ ಬನ್ನಿ ಎಂಬುದು ನನ್ನ ಅಭಿಪ್ರಾಯ. ನೀಲೇಶ್ವರದ ಕೋಟಪ್ಪುರಂ ಕಡವಿನಿಂದ ಹೌಸ್‌ಬೋಟುಗಳು ಹೊರಡುತ್ತವೆ. ಪೆರ್ಲದಿಂದ ಬೆಳಿಗ್ಗೆ ಕಾರಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ನೀವು ನೀರಿನ ಮೇಲಿರುತ್ತೀರಿ. ಅಂತರ್ಜಾಲದಲ್ಲಿ ಹುಡುಕುವಾಗ ಮಾತ್ರ ಜಾಗ್ರತೆ ವಹಿಸಿ, ಏಕೆಂದರೆ ಕೊಲ್ಲಂನಿಂದ ಹೊರಡುವ ರಾಷ್ಟ್ರೀಯ ಜಲಮಾರ್ಗ 3ರ ವಿವರಗಳಲ್ಲಿ ಕಾಣಿಸುವ ಕೋಟಪ್ಪುರಂ ತೃಶ್ಶೂರು ಜಿಲ್ಲೆಯ ಕೊಡುಙಲ್ಲೂರಿನ ಬಳಿಯದು.

ನಮ್ಮ ತೇಜಸ್ವಿನಿ ಹೊಳೆ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಬಂದು ಈ ಹಿನ್ನೀರನ್ನು ಸೇರುತ್ತದೆ. ಅಲ್ಲಿಂದ ತೆಂಕಣಕ್ಕೆ ಕವ್ವಾಯಿ ಕಾಯಲು, ಅಂದರೆ ಕವ್ವಾಯಿ ಹಿನ್ನೀರು, ಪಯ್ಯನ್ನೂರಿನವರೆಗೂ ಹಬ್ಬಿದೆ. ಪಡುವಣಕ್ಕೆ ವಲಿಯಪರಂಬವೆಂಬ ಉದ್ದನೆಯ ಮರಳದಿಬ್ಬದ ದ್ವೀಪ, ಅದರಾಚೆಗೆ ಕಡಲು. ದಕ್ಷಿಣದ ತುದಿಯಲ್ಲಿ ನೌಕಾ ಅಕಾಡೆಮಿಯಿರುವ ಏಳಿಮಲ ಕಾಣಿಸುತ್ತದೆ. ಪಡನ್ನ, ಚೆರುವತ್ತೂರುಗಳ ಕಡೆ ನೀರಿನಲ್ಲಿ ಬಿದಿರಿನ ಚಪ್ಪರಗಳು ನಿಂತಿರುವುದನ್ನು ನೋಡುವಿರಿ. ಅವುಗಳಿಂದ ಇಳಿಬಿಟ್ಟ ಹಗ್ಗಗಳಲ್ಲಿ ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿಯ ಕೃಷಿ ನಡೆಯುತ್ತದೆ. ಮಳೆ ನಿಂತು ನೀರಿಗೆ ಉಪ್ಪು ಮರಳಿದ ಮೇಲೆ, ನವೆಂಬರ್ ಡಿಸೆಂಬರಿನಲ್ಲಿ ಮರಿಗಳನ್ನು ಕಟ್ಟಿ, ಮುಂದಿನ ಮಳೆಗಾಲಕ್ಕೆ ಮುನ್ನ ಕೊಯ್ಯುತ್ತಾರೆ. ನೀವು ಬರುವ ಹೊತ್ತಿಗೆ ಆ ಕೆಲಸ ನಡೆಯುತ್ತಿರುತ್ತದೆ. ಇಡಯಿಲೆಕ್ಕಾಡಿನ ನಾಗಬನದಲ್ಲಿ ಮಂಗಗಳ ಹಿಂಡಿದೆ, ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಗಬಹುದು.

ಆದರೆ ಒಂದು ಮಾತನ್ನು ಮರೆಮಾಚಬಾರದು. ನೀವು ಕೇಳಿದ ತೋಡುಗಳ ಜಾಲ ಇಲ್ಲಿಲ್ಲ. ಇದು ಅಗಲವಾದ, ತೆರೆದ ನೀರು. ಏಳಿಮಲವನ್ನು ಬಳಸಿ ಹೋಗುವ ಅಪಾಯಕರ ಕಡಲದಾರಿಯನ್ನು ತಪ್ಪಿಸಲೆಂದು 18ನೇ ಶತಮಾನದಲ್ಲಿ ಅಗೆದ ಸುಲ್ತಾನ್ ತೋಡು ಕಣ್ಣೂರು ಜಿಲ್ಲೆಯ ಪಳಯಂಗಾಡಿಯ ಬಳಿ ಇದೆ. ಚರಿತ್ರೆಯಲ್ಲಿ ಆಸಕ್ತಿಯಿದ್ದರೆ ರಸ್ತೆಯ ಮೂಲಕ ಹೋಗಿ ನೋಡಬಹುದು.

ಉತ್ತರ 2: ಕುಂಬಳೆಯ ನಿವೃತ್ತ ಅಧ್ಯಾಪಕ

ಮೇಲಿನವರು ವಲಿಯಪರಂಬದ ಬಗ್ಗೆ ಬರೆದುದೆಲ್ಲ ಸರಿಯೇ. ಆದರೆ ಪ್ರಶ್ನೆಯಿರುವುದು ಹಳ್ಳಿಗಳ ನಡುವಣ ತೋಡುಗಳ ಬಗ್ಗೆ. ಅದಕ್ಕೆ ಕುಟ್ಟನಾಡಿಗೆ ಹೋಗದೆ ವಿಧಿಯಿಲ್ಲ. ಅಲ್ಲಿ ಗದ್ದೆಗಳು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿವೆ, ಕೆಲವೆಡೆ ಎರಡು ಮೀಟರಿನಷ್ಟು ಕೆಳಗೆ. ವೇಂಬನಾಡು ಕಾಯಲಿನ ಅಂಚಿಗೆ ಮಣ್ಣಿನ ಏರಿ ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಹೊರಹಾಕಿ ಬತ್ತ ಬೆಳೆಯುತ್ತಾರೆ. ಹೀಗಾಗಿ ದೋಣಿಯಲ್ಲಿ ಕುಳಿತವನಿಗೆ ತೋಡು ಮೇಲೆ, ಪೈರು ಕೆಳಗೆ ಕಾಣುತ್ತದೆ. ಆ ಏರಿಯ ಮೇಲೆಯೇ ಮನೆ, ಅಂಗಡಿ, ಶಾಲೆ, ಇಗರ್ಜಿ ಎಲ್ಲವೂ ಸಾಲಾಗಿ ನಿಂತಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ತೋಟದ ಮನುಷ್ಯರಾದ ತಮಗೆ ಇದನ್ನು ನೋಡುವುದರಲ್ಲಿ ನಮ್ಮಂಥವರಿಗಿಂತ ಹೆಚ್ಚಿನ ಸ್ವಾರಸ್ಯವಿದ್ದೀತು.

ಇನ್ನು ಹೌಸ್‌ಬೋಟಿನ ವಿಚಾರ. ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹತ್ತಿಸಿಕೊಂಡು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಳಿಸುತ್ತಾರೆ. ಸಂಜೆ ಐದೂವರೆಯ ಹೊತ್ತಿಗೆ ದೋಣಿಯನ್ನು ದಡಕ್ಕೆ ಕಟ್ಟಲೇಬೇಕು, ಏಕೆಂದರೆ ರಾತ್ರಿಯ ನೀರು ಬಲೆ ಬೀಸುವ ಮೀನುಗಾರರದು. ನಡುವಿನ ಊಟದ ನಿಲುಗಡೆಯನ್ನು ಕಳೆದರೆ ನಿಜವಾದ ಸಂಚಾರ ಕೆಲವೇ ಗಂಟೆಗಳದ್ದು. ಜೊತೆಗೆ, ಎರಡು ಮೂರು ಕೋಣೆಗಳ ಹೌಸ್‌ಬೋಟು ಒಳತೋಡುಗಳಿಗೆ ಹಿಡಿಸುವುದಿಲ್ಲ. ಹಿಂದೆ ಬತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಗಳು, ಅಂದರೆ ಹೆಬ್ಬಲಸಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದ ದೋಣಿಗಳು, ಇವುಗಳ ಪೂರ್ವಜರು. ಈಗಿನವು ಅವುಗಳ ಮೇಲೆ ಮಹಡಿಯನ್ನೂ ಏರಿಸಿಕೊಂಡಿವೆ. ರಜಾಕಾಲದಲ್ಲಿ ಇವು ಪುನ್ನಮಡ ಕಾಯಲಿನಲ್ಲಿ ಒಂದರ ಹಿಂದೊಂದು ಜಾತ್ರೆಯ ಬಸ್ಸುಗಳಂತೆ ಸಾಗುತ್ತವೆ, ಕೆಲವಂತೂ ಧ್ವನಿವರ್ಧಕ ಹಚ್ಚಿಕೊಂಡೇ.

ಆದ್ದರಿಂದ ಮೂರು ದಿನವೂ ಹೌಸ್‌ಬೋಟು ಬೇಡ. ಒಂದು ರಾತ್ರಿ ಅದರಲ್ಲಿ ಕಳೆದು, ಉಳಿದ ದಿನಗಳಿಗೆ ಕೈನಕರಿ ಅಥವಾ ಚಂಬಕ್ಕುಳದಂಥ ಹಳ್ಳಿಯಲ್ಲಿ ಹೋಂಸ್ಟೇ ಹಿಡಿಯಿರಿ. ಬೆಳಗಿನ ಆರರಿಂದ ಒಂಬತ್ತರವರೆಗೆ ಜಲ್ಲೆಯಿಂದ ನೂಕುವ ಅಥವಾ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ತೋಡುಗಳನ್ನು ಹೊಕ್ಕರೆ, ತಾವು ಬಯಸಿದ ನಿಧಾನ ಅಲ್ಲಿ ಸಿಗುತ್ತದೆ. ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳೂ ಇವೆ. ಆಲಪ್ಪುಳದಿಂದ ಕೋಟ್ಟಯಂಗೆ ಹೋಗುವ ದೋಣಿಯಲ್ಲಿ ಊರವರೊಂದಿಗೆ ಕುಳಿತು ಎರಡೂವರೆ ಗಂಟೆಯಷ್ಟು ಸಾಗುವ ಪ್ರಯಾಣದ ಖರ್ಚು ಬಸ್ಸಿನ ಟಿಕೆಟಿನ ಮಟ್ಟದ್ದೇ.

ಸಾಧ್ಯವಾದರೆ ಕ್ರಿಸ್ಮಸನ್ನು ಬಿಟ್ಟು ಜನವರಿಯ ಯಾವುದಾದರೂ ವಾರಾಂತ್ಯಕ್ಕೆ ಹೋಗಿ. ಜನಸಂದಣಿ ಇಳಿದಿರುತ್ತದೆ, ಗದ್ದೆಯಲ್ಲಿ ಪುಂಜ ಎಂಬ ಬತ್ತದ ಬೆಳೆಯ ಹಸಿರಿರುತ್ತದೆ. ಅದಕ್ಕೂ ತಡವಾದರೆ ಸೆಕೆ. ಉಪ್ಪುನೀರನ್ನು ತಡೆಯಲು ತಣ್ಣೀರ್ಮುಕ್ಕಂ ಬಂಡಿನ (ಅಡ್ಡಕಟ್ಟೆಯ) ಬಾಗಿಲುಗಳನ್ನು ಬೇಸಿಗೆಯಲ್ಲಿ ಮುಚ್ಚುವುದರಿಂದ ನೀರಿನ ಓಟ ಕುಗ್ಗಿ, ಜಲಕಳೆ ಮತ್ತು ಕೊಳೆ ಸೇರಿಕೊಳ್ಳುತ್ತವೆ. ಪ್ರಯಾಣಕ್ಕೆ ಮಂಗಳೂರಿನಿಂದ ಹೊರಡುವ ಮಾವೇಲಿ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ಕಾಸರಗೋಡಿನಲ್ಲಿ ಹತ್ತಿದರೆ ಬೆಳಗಿನ ಜಾವಕ್ಕೆ ಆಲಪ್ಪುಳ.

ಉತ್ತರ 3: ಮಂಜೇಶ್ವರದ ಗೃಹಿಣಿ

ಅಡುಗೆಯ ವಿಷಯ ಯಾರೂ ಹೇಳಲಿಲ್ಲ. ಹೌಸ್‌ಬೋಟಿನ ಅಡುಗೆಯವರು ಕರಿಮೀನು ಹುರಿಯುವುದರಲ್ಲಿ ನಿಪುಣರು, ತರಕಾರಿಯ ಕಡೆಗೆ ಅಷ್ಟಾಗಿ ಗಮನವಿರುವುದಿಲ್ಲ. ಕಾದಿರಿಸುವಾಗಲೇ ಸಸ್ಯಾಹಾರ, ಅದರಲ್ಲೂ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಎಂದು ಮಲಯಾಳದಲ್ಲಿಯೇ ಬರೆದು ಕಳುಹಿಸಿ. ಅವಿಯಲ್, ಓಲನ್, ಮೊಸರು ಮೆಣಸು ಎಂದು ಪದಾರ್ಥಗಳ ಹೆಸರು ಹಿಡಿದು ಕೇಳಿದರೆ ಮಾಡಿಕೊಡುತ್ತಾರೆ. ಬರೇ ವೆಜ್ ಎಂದರೆ ಮೂರು ಹೊತ್ತೂ ಒಂದೇ ಪಲ್ಯ ಬರುತ್ತದೆ. ಪಾತ್ರೆಗಳ ಬಗ್ಗೆ ಹಿರಿಯರಿಗೆ ಸಂಕೋಚವಿದ್ದರೆ ಒಂದು ಸಣ್ಣ ಕುಕ್ಕರನ್ನೂ ಬಾಣಲೆಯನ್ನೂ ಮನೆಯಿಂದಲೇ ಕೊಂಡುಹೋಗಿ. ಕೋಣೆಯ ಎಸಿ ರಾತ್ರಿ ಮಾತ್ರವೋ, ಹಗಲೂ ಇರುತ್ತದೋ ಎಂದೂ ಮೊದಲೇ ಕೇಳಿ. ಕಡಿಮೆ ದರದ ದೋಣಿಗಳಲ್ಲಿ ಹೆಚ್ಚಾಗಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಹಾಕುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಅಧ್ಯಾಪಕರು ಹೇಳಿದ ಸಣ್ಣ ದೋಣಿಯ ಮಾತು ಮನಸ್ಸಿಗೆ ಹಿಡಿಸಿತು. ಆದರೆ ತಾಯಿಯವರಿಗೆ ಅದರಲ್ಲಿ ಇಳಿದು ಕುಳಿತು ಏಳುವುದು ಕಷ್ಟವಾಗಲಾರದೇ?

ಉತ್ತರ 4: ಕುಂಬಳೆಯ ನಿವೃತ್ತ ಅಧ್ಯಾಪಕ

ಕಷ್ಟವೇ. ನೆಲಮಟ್ಟದ ಹಲಗೆಯಿರುವ ದೋಣಿ ಅವರಿಗೆ ಬೇಡ. ನೆರಳಿನ ಮಾಡು ಮತ್ತು ಒರಗುವ ಆಸನಗಳಿರುವ ಶಿಕಾರಾ ದೋಣಿಗಳೂ ದೊರೆಯುತ್ತವೆ. ಅವು ಹೌಸ್‌ಬೋಟು ಹೋಗದ ಎಷ್ಟೋ ತೋಡುಗಳಲ್ಲಿ ಸಾಗುತ್ತವೆ. ಕಟ್ಟೆಯಿಂದ ಮೆಟ್ಟಿಲಿಲ್ಲದೆ ಹತ್ತಲು ಬರುವ ಹೋಂಸ್ಟೇಯನ್ನು ಆರಿಸಿ, ಅದರ ಕಡವಿನ ಚಿತ್ರವನ್ನು ತರಿಸಿಕೊಂಡು ನೋಡಿ. ಹೌಸ್‌ಬೋಟಿನಲ್ಲಿ ಮಹಡಿಯಿಲ್ಲದ್ದೇ ಒಳ್ಳೆಯದು.

ಕಡೆಯದಾಗಿ, ದರದ ಚೌಕಾಸಿಗೆ ಮುನ್ನ ನೋಂದಣಿ ಪತ್ರ, ವಿಮೆ ಮತ್ತು ಎಷ್ಟು ಜನರಿಗೆ ಅನುಮತಿಯಿದೆ ಎಂಬುದನ್ನು ಕೇಳಿ ತಿಳಿಯಿರಿ. 2023ರ ಮೇ ತಿಂಗಳಿನಲ್ಲಿ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನರನ್ನು ಹೇರಿದ್ದ ವಿಹಾರದೋಣಿ ಮಗುಚಿ 22 ಮಂದಿ ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿದಾಗ ಹಾರಿಕೆಯ ಉತ್ತರ ಕೊಡುವ ದೋಣಿಯನ್ನು ಬಿಟ್ಟುಬಿಡಿ, ಕಡವಿನಲ್ಲಿ ಇನ್ನೊಂದು ಸಿಗುತ್ತದೆ.